ನಾಗಲದಿನ್ನೆಯ ನೀರಿಗಿಳಿದ ಇನ್ನಾಸಮ್ಮ

ಇನ್ನಾಸಮ್ಮನ ಮನೆಯಲ್ಲಿ ಸಂಜೆಯ ಜಪಸರ ಮುಗಿಯುವವರೆಗೆ ಯಾರಿಗೂ ಊಟವಿರಲಿಲ್ಲ. ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರಾಗಿದ್ದ ಗಂಡ ರಾಯಪ್ಪ ಎಷ್ಟೇ ಹಸಿದು ಬಂದರೂ ಕೈಕಾಲು ತೊಳೆದು ಮರಿಯಾ ಮಾತೆಯ ಪಟದ ಮುಂದೆ ಮಂಡಿಯೂರಬೇಕು. ಮಕ್ಕಳು ತೂಕಡಿಸಿದರೆ ಮೊಣಕೈಯ ತಿವಿತ. ಇಂಥ ಮನೆಗೆ ನಾಗಲದಿನ್ನೆಯ ರೈತ ಭೀಮಲಿಂಗಪ್ಪನ ಮಗಳು ಮೌನಿಕಾ ಸೊಸೆಯಾಗಿ ಬಂದಳು. ಬಟ್ಟೆ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಇನ್ನಾಸಮ್ಮನ ಮಗ ಜೋಜಪ್ಪನನ್ನು ಮೆಚ್ಚಿ, ಅಪ್ಪನ ಮಾತು ಮೀರಿ ಮದುವೆಯಾದವಳು.

ಮೊದಲ ಸಂಜೆ ಎಲ್ಲರೂ ಮಂಡಿಯೂರಿದಾಗ ಅವಳು ಗೋಡೆಗಂಟಿ ನಿಂತೇ ಇದ್ದಳು. ಈಗ ಬೈಗುಳ ಬೀಳುತ್ತದೆ ಎಂದುಕೊಂಡಳು. ಜಪ ಮುಗಿಸಿ ಅತ್ತೆ ಎದ್ದಳು.

“ದೇವರು ಕರದ್ರ ಬರ್ತಿ. ನಾ ಜಗ್ಗಿದ್ರ ನನ್ನ ಹಿಂದ ಬರ್ತಿ, ಆತನ ಹಿಂದಲ್ಲ. ಉಣ್ಣು ನಡಿ.”

ಭೀಮಲಿಂಗಪ್ಪ ಮಾತ್ರ ಮಗಳು ಸತ್ತಳೆಂದೇ ಊರಲ್ಲಿ ಹೇಳಿಕೊಂಡು ತಿರುಗಿದ. ಅವಳು ಬಸುರಾಗಿ ಏಳು ತಿಂಗಳಾದಾಗ ತಾಯಿ ಬಸವಕ್ಕ ತಡೆಯಲಾರದೆ ಫೋನು ಮಾಡಿ ಕರೆದಳು. ಜೋಜಪ್ಪ ಹೋದರೆ ಜಗಳವಾದೀತೆಂದು ಇನ್ನಾಸಮ್ಮ ತಾನೇ ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ದಸರಾ ಮುಗಿದು ಮಳೆ ಹಿಡಿದಿತ್ತು. ಹೊಸ್ತಿಲಲ್ಲಿ ನಿಂತ ಇಬ್ಬರನ್ನೂ ಕಂಡು ಭೀಮಲಿಂಗಪ್ಪ ಮುಖ ತಿರುಗಿಸಿದ. ಎದ್ದು ದನದ ಕೊಟ್ಟಿಗೆಗೆ ಹೋದವನು ಅಲ್ಲೇ ಉಂಡ, ಅಲ್ಲೇ ಮಲಗಿದ.

ಮರುದಿನ ಬೆಳಗ್ಗೆ ತುಂಗಭದ್ರೆ ಊರೊಳಗೆ ಬಂದಳು.

ಮೊದಲು ಅಂಗಳ ಒದ್ದೆಯಾಯಿತು. ಒಲೆಗೆ ನೀರು ನುಗ್ಗುವಷ್ಟರಲ್ಲಿ ಜನ ಕೂಗುತ್ತ ಶಾಲೆಯ ಕಡೆಗೆ ಓಡುತ್ತಿದ್ದರು. ಬಸವಕ್ಕ, ಇನ್ನಾಸಮ್ಮ ಸೇರಿ ಮೌನಿಕಾಳನ್ನು ಹಿಂದಿನಿಂದ ದೂಡಿ, ಮುಂದಿನಿಂದ ಎಳೆದು ಶಾಲೆಯ ಮಾಳಿಗೆ ಹತ್ತಿಸಿದರು. ಮೇಲೆ ಬಂದು ತಿರುಗಿ ನೋಡಿದರೆ ಭೀಮಲಿಂಗಪ್ಪ ಇಲ್ಲ.

“ಎತ್ತು ಬಿಚ್ಚತೀನಿ ಅಂದ್ರು,” ಎಂದು ಬಸವಕ್ಕ ಅತ್ತಳು. “ಹಿಂದ ಬರ್ತಾರಂತ ತಿಳದೆ.”

ಕೊಟ್ಟಿಗೆ ಅಲ್ಲಿಂದಲೇ ಕಾಣುತ್ತಿತ್ತು. ಕೆಂಪು ನೀರು ಅದರ ಬಾಗಿಲನ್ನು ಅರ್ಧ ನುಂಗಿತ್ತು. ಮೌನಿಕಾ “ಅಪ್ಪಾ” ಎಂದು ಚೀರಿದಳು. ಮಾಳಿಗೆಯ ಮೇಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನಾಸಮ್ಮ ಸೀರೆ ಎತ್ತಿ ಕಚ್ಚೆ ಬಿಗಿದಳು.

“ವದ್ದಮ್ಮಾ, ದಿಗೊದ್ದು!” ಇಳಿಯಬೇಡ ಎಂದು ಯಾರೋ ತೆಲುಗಿನಲ್ಲಿ ಕೂಗಿ ತಡೆದರು.

“ಅತ್ತೀ, ಬ್ಯಾಡ್ರಿ!” ಎಂದು ಮೌನಿಕಾ ಸೆರಗು ಹಿಡಿದಳು. ಅತ್ತೆ ಬೆರಳು ಬಿಡಿಸಿ ಇಳಿದೇಬಿಟ್ಟಳು.

ನೀರು ಸೊಂಟಕ್ಕೆ ಬಂತು. ಗೋಡೆ ಹಿಡಿದು, ಬೇವಿನ ಮರ ಹಿಡಿದು ಸರಿದಳು. ಒಮ್ಮೆ ಕಾಲು ಜಾರಿ ತಲೆ ಕಾಣದಾಯಿತು, ಮತ್ತೆ ಎದ್ದಿತು. ಕೊಟ್ಟಿಗೆಯ ಕತ್ತಲಲ್ಲಿ ಮರೆಯಾದಳು. ಮೌನಿಕಾ ಆ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯ ಹಿಂದಿನ ಕಲ್ಲುಮಣ್ಣಿನ ಗೋಡೆ ದಬ್ಬನೆ ಕುಸಿಯಿತು. ಬಸವಕ್ಕ ಬಾಯಿಗೆ ಸೆರಗು ತುರುಕಿಕೊಂಡಳು.

ಒಳಗೆ ನಡೆದದ್ದನ್ನು ಅಪ್ಪ ಆಮೇಲೆ ಹೇಳಿದ. ನೆನೆದ ಹಗ್ಗದ ಗಂಟು ಎಷ್ಟು ಎಳೆದರೂ ಬಿಚ್ಚುತ್ತಿರಲಿಲ್ಲ. ಎತ್ತುಗಳನ್ನು ಬಿಟ್ಟುಬರಲು ಅವನಿಗೆ ಮನಸ್ಸಾಗಲಿಲ್ಲ. ಇನ್ನಾಸಮ್ಮ ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಕಿತ್ತುಕೊಂಡು ಹಗ್ಗ ಕೊಯ್ದಳು.

“ನೀವ್ಯಾಕ ಬಂದ್ರಿ?”

“ಬಾಲ ಹಿಡೀರಿ ಬೀಗರ. ಮಾತು ಆಮ್ಯಾಲ.”

ಮೌನಿಕಾಗೆ ಮೊದಲು ಕಂಡದ್ದು ಎತ್ತಿನ ಕೋಡು. ಹಿಂದೆ ಬಾಲಕ್ಕೆ ಜೋತುಬಿದ್ದ ಅಪ್ಪ, ಅಪ್ಪನ ರಟ್ಟೆ ಹಿಡಿದ ಅತ್ತೆ. ಇನ್ನೊಂದು ಎತ್ತು ಹೊಳೆಯ ಪಾಲಾಯಿತು. ಕುಸಿದ ಗೋಡೆಯ ಕಲ್ಲು ಬಿದ್ದು ಇನ್ನಾಸಮ್ಮನ ಮೊಣಕಾಲು ಒಡೆದಿತ್ತು; ಸಾಯುವವರೆಗೂ ಕುಂಟಿದಳು.

ನೀರು ಇಳಿಯುವವರೆಗೆ ಬೀಗರಿಬ್ಬರೂ ಮಾಳಿಗೆಯ ಮೇಲೆ ಒಂದೇ ಗೋಣಿಚೀಲ ಹೊದ್ದು ಕುಳಿತಿದ್ದರು. ಭೀಮಲಿಂಗಪ್ಪ ಕೊನೆಗೂ ಬಾಯಿಬಿಟ್ಟ. “ನಮ್ಮ ಹುಡುಗಿ ನಿಮ್ಮನಿಯಾಗ ಹೊಟ್ಟಿತುಂಬ ಉಣ್ತಾಳೇನ್ರಿ?”

“ಆಕೀನ ಕೇಳ್ರಿ. ಅಲ್ಲೇ ಕುಂತಾಳ.”

ಅವನು ಮಗಳ ಕಡೆ ತಿರುಗಿದ. ಕೇಳಲಿಲ್ಲ, ಅತ್ತ.

ಅಲ್ಲಿಗೆ ಎಲ್ಲ ಸರಿಹೋಯಿತೆಂದಲ್ಲ. ಮೊಮ್ಮಗಳು ಯಾಮಿನಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಆಗಲೇಬೇಕೆಂದು ಇನ್ನಾಸಮ್ಮ ಹಟ ಹಿಡಿದಳು. ಭೀಮಲಿಂಗಪ್ಪ ಆ ದಿನ ಬರಲಿಲ್ಲ. ಬೇಸಿಗೆಯಲ್ಲಿ ಜೋಳದ ಚೀಲ ಹೊತ್ತು ಬಂದವನು ಎರಡು ಗಂಟೆ ಜಗಳವಾಡಿ, ಮಗುವನ್ನು ಎತ್ತಿಕೊಂಡು ಮಲಗಿಸಿ ಹೋದ. ಆಮೇಲೆ ಪ್ರತಿ ಬೇಸಿಗೆಯೂ ಬಂದ.

ಹೋದ ವರ್ಷ ಇನ್ನಾಸಮ್ಮ ಹಾಸಿಗೆ ಹಿಡಿದಾಗ ಮೌನಿಕಾ ಕಾಲೊತ್ತುತ್ತ ಕೇಳಿದಳು, “ಅವತ್ತು ಹೆದರಿಕಿ ಆಗ್ಲಿಲ್ಲೇನ್ರಿ ಅತ್ತಿ?”

“ಆಗ್ದ ಏನು? ನಮೋ ಮರಿಯಾ ಜಪ ಸುದ್ದಾ ಮರ್ತಿತ್ತು. ಬಾಯಾಗ ಬರೇ ‘ಯವ್ವಾ, ಯವ್ವಾ’. ಪಾಪನಿವೇದನೆಯಾಗ ಚರ್ಚಿನ ಸ್ವಾಮಿಗೋಳ ಮುಂದ ಹೇಳಿದೆ. ಅದೂ ಪ್ರಾರ್ಥನೀನ ಅಂದ್ರು. ನಂಗ ಇವತ್ತಿಗೂ ನಂಬಿಕಿ ಬರವಲ್ದು.”

ಅದೇ ವಾರ ಆಕೆ ತೀರಿಕೊಂಡಳು. ಸಮಾಧಿಗೆ ಒಯ್ಯುವಾಗ ಭೀಮಲಿಂಗಪ್ಪ ಪೆಟ್ಟಿಗೆಗೆ ಹೆಗಲು ಕೊಟ್ಟ. ವಯಸ್ಸಾಗಿದೆ, ಬಿಡಿರೆಂದು ಜೋಜಪ್ಪ ಎರಡು ಸಲ ಹೇಳಿದ. ಮುದುಕ ಇಲ್ಲವೆಂದು ತಲೆಯಾಡಿಸಿ, ಹೆಗಲು ಬದಲಿಸದೆ ನಡೆದ.