ಗುರುವಾರದ ಟೀ

ಅಡುಗೆಮನೆಯಲ್ಲಿ ಶುಂಠಿ ಜಜ್ಜುವ ಸದ್ದು. ಜಜ್ಜುತ್ತಿರುವವನು ನನ್ನ ತಮ್ಮ ಮಧು. ಹಾಲು ಉಕ್ಕಿದರೂ ಏಳಕೂಡದೆಂದು ನನಗೆ ನಾನೇ ಆಣೆ ಹಾಕಿಕೊಂಡು ಇತ್ತ ಕುರ್ಚಿಯಲ್ಲಿ ಕೂತಿದ್ದೇನೆ. ಅದೆಷ್ಟು ಕಷ್ಟವೆಂದು ನಿಮಗೆ ತಿಳಿಯಬೇಕಾದರೆ ನನ್ನ ಹೊಟ್ಟೆಕಿಚ್ಚಿನ ಕಥೆ ಕೇಳಬೇಕು.

ಈ ಇಂಗ್ಲಿಷರ ನಾಡಿನ ಹೆಡಿಂಗ್ಲೀಯಲ್ಲಿ ಕಾಲೇಜು ಓದುತ್ತಿದ್ದಾಗ ಮಧುವಿಗೆ ಸ್ಕಿಜೋಫ್ರೇನಿಯಾ ಬಂತು. ಯಾರೂ ಇಲ್ಲದ ಕಡೆಯಿಂದ ದನಿಗಳು ಕೇಳತೊಡಗಿದವು. ಅಂದಿನಿಂದ ಹಡರ್ಸ್‌ಫೀಲ್ಡಿನ ನಮ್ಮ ಮನೆಯಲ್ಲೇ ಇದ್ದಾನೆ. ಅವನ ಮಾತ್ರೆ, ಊಟ, ಇಸ್ತ್ರಿ ಎಲ್ಲ ನನ್ನ ಕೆಲಸ. ಅವನನ್ನು ಒಲೆಯ ಹತ್ತಿರ ಬಿಟ್ಟವಳೇ ಅಲ್ಲ. ಅವನೋ, ನನ್ನೊಡನೆ ‘ಹ್ಞೂಂ’, ‘ಬೇಡ’ ಬಿಟ್ಟರೆ ಮೂರನೆಯ ಮಾತಾಡುತ್ತಿರಲಿಲ್ಲ.

ಆಮೇಲೆ ಶುರುವಾಯಿತು ಗುರುವಾರದ ಗುಂಪು. ಅದೇ ಕಾಯಿಲೆಯವರು ಚರ್ಚಿನ ಹಾಲ್‌ನಲ್ಲಿ ಸೇರಿ ಕಷ್ಟಸುಖ ಹೇಳಿಕೊಳ್ಳುವ ಕೂಟ. ಕರೆತರಲು ಹೋದರೆ ಬಾಗಿಲಾಚೆಯಿಂದ ಮಧುವಿನ ನಗು! ಕಾರು ಹತ್ತಿದರೆ ಮತ್ತೆ ‘ಹ್ಞೂಂ’.

“ದನಿಗಳು ಏನನ್ನುತ್ವೆ ಅಂತ ನಂಗೂ ಹೇಳೋ,” ಅಂದೆ ಒಮ್ಮೆ.

“ಬ್ರೆಂಡಾಗೆ ಹೇಳಿದೀನಿ. ಅವಳಿಗೂ ಕೇಳ್ಸುತ್ತೆ.”

ಬ್ರೆಂಡಾ ಎಂದರೆ ಗುಂಪಿನ ಒಬ್ಬ ಮುದುಕಿ. ನನಗೆ ದನಿ ಕೇಳಿಸದಿರುವುದೇ ಒಂದು ಕೊರತೆಯೇನೋ ಎನ್ನುವಷ್ಟು ಉರಿದುಹೋದೆ. ಹಿತ್ತಲ ಗಿಡ ಮದ್ದಲ್ಲ, ನಿಜ. ಆ ಗಿಡಕ್ಕೂ ಹೊಟ್ಟೆಕಿಚ್ಚಾಗುತ್ತದೆಂದು ಗಾದೆ ಮಾಡಿದವರಿಗೆ ತಿಳಿದಿರಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚೆ ಗುಂಪಿನವರು ಮನೆಮಂದಿಯನ್ನೂ ಕರೆದರು. ನನ್ನ ಹಕ್ಕು ಸ್ಥಾಪಿಸಲು ಡಬ್ಬಿ ತುಂಬ ಕೋಡುಬಳೆ ಹೊತ್ತು ಹೋದೆ. ಅಲ್ಲಿ ಟೀ ಮಾಡುವುದಕ್ಕೂ ರೋಟಾ, ಅಂದರೆ ಸರದಿಯ ಪಟ್ಟಿ. ಅಂದು ಮಧುವಿನ ಸರದಿ. ಬಿಸಿ ಕೆಟಲ್ ಅವನ ಕೈಯಲ್ಲಿ ಕಂಡದ್ದೇ ಎದ್ದೆ. ಬ್ರೆಂಡಾ ತೋಳು ಹಿಡಿದು ಕೂರಿಸಿ, ಇವತ್ತು ಅವನದೇ ಸರದಿ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಆಕೆಗೆ ಸಕ್ಕರೆ ಜಾಸ್ತಿ, ಪಕ್ಕದವನಿಗೆ ಹಾಲು ಬೇಡ. ಯಾರನ್ನೂ ಕೇಳದೆ ಕೊಡುತ್ತ ಬಂದ ಮಧು ನನ್ನ ಮುಂದೆ ನಿಂತ.

“ಅಕ್ಕಾ, ನಿಂಗೆ ಸಕ್ಕರೆ ಎಷ್ಟು?”

ಊರವರದೆಲ್ಲ ಬಾಯಿಪಾಠ, ನನ್ನದು ಗೊತ್ತಿಲ್ಲ!

“ಇಷ್ಟು ವರ್ಷ ಜೊತೆಗಿದ್ದೂ ಗೊತ್ತಿಲ್ವೇನೋ?”

“ಯಾವತ್ತು ಮಾಡೋಕೆ ಬಿಟ್ಟಿದೀಯಾ?” ಅಂದ. ದನಿಯಲ್ಲಿ ಕೋಪವಿರಲಿಲ್ಲ.

ಹಾಗಾಗಿ ಈಗ ಭಾನುವಾರದ ಟೀ ಅವನದು. ಗುರುವಾರದ ಮೇಲೆ ಹೊಟ್ಟೆಕಿಚ್ಚು ಇನ್ನೂ ಇದೆ, ಸುಳ್ಳೇಕೆ ಹೇಳಲಿ.

ಅಗೋ, ಹಾಲು ಉಕ್ಕಿದ ವಾಸನೆ. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತೆ. ಲೋಟ ತಂದುಕೊಟ್ಟು ಮಧು ಎದುರಿಗೇ ಕೂತ.

“ಬೆಳಗ್ಗೆಯಿಂದ ದನಿಗಳು ಬೈತಾ ಇದಾವೆ ಕಣಕ್ಕಾ. ನಂಗೆ ಟೀ ಮಾಡಕ್ಕೆ ಬರಲ್ಲ ಅಂತ.”

“ಬ್ರೆಂಡಾಗೆ ಹೇಳಿದ್ಯಾ?” ತಡೆಯಲಾರದೆ ಕೇಳಿಯೇಬಿಟ್ಟೆ.

“ಅವಳಿಗೆ ಗುರುವಾರ ಹೇಳ್ತೀನಿ. ಇವತ್ತು ನಿಂಗೆ.”

ಸಕ್ಕರೆ ಜಾಸ್ತಿಯಾಗಿತ್ತು. ಇನ್ನೊಂದು ಲೋಟ ಕೇಳಿ ಕುಡಿದೆ.