ಮ್ಯಾಚಿಗೆ ಮುಂಚಿನ ಮಿರ್ಚಿ

ನನಗೆ ಫುಟ್‌ಬಾಲ್ ಅರ್ಥವಾಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಚೆಂಡು ಬಲೆಯೊಳಗೆ ಹೋದರೆ ಗೋಲು ಎಂಬಲ್ಲಿಗೆ ನನ್ನ ತಿಳಿವಳಿಕೆ ಮುಗಿಯಿತು. ಆಫ್‌ಸೈಡ್ ಎಂದರೇನೆಂದು ಹುಸೇನಪ್ಪ ನನಗೆ ನಾಲ್ಕು ಸಲ ಬಿಡಿಸಿ ಹೇಳಿದ್ದಾನೆ. ಕೊನೆಯ ಸಲವಂತೂ ತಟ್ಟೆಯಲ್ಲಿದ್ದ ಮಿರ್ಚಿ ಬಜ್ಜಿಗಳನ್ನೇ ಆಟಗಾರರೆಂದು ಜೋಡಿಸಿ, ಉಳ್ಳಾಗಡ್ಡಿ ಚೂರನ್ನು ಚೆಂಡು ಮಾಡಿ ತೋರಿಸಿದ. ವಿವರಣೆ ಮುಗಿಯುವ ಮೊದಲೇ ನಾನು ಒಬ್ಬ ಡಿಫೆಂಡರನ್ನು ತಿಂದುಬಿಟ್ಟಿದ್ದರಿಂದ ಪಾಠ ಅಲ್ಲಿಗೇ ನಿಂತಿತು.

ಆದರೂ ಪ್ರತಿ ಚಳಿಗಾಲ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ: "ಸರ್, ರಾಯಚೂರಿಗೆ ಮ್ಯಾಚ್ ನೋಡಾಕ ಬರಾಕತ್ತೀವಿ, ಮುಂಚೆ ಎಲ್ಲಿ ತಿನ್ನೂದು, ಏನು ಕುಡಿಯೂದು?" ಯಾರು ಗೆಲ್ಲುತ್ತಾರೆಂದು ನನ್ನನ್ನು ಯಾರೂ ಕೇಳುವುದಿಲ್ಲ. ನನ್ನ ಹೊಟ್ಟೆಯ ಸುತ್ತಳತೆ ನೋಡಿದವರಿಗೆ ನನ್ನ ವಿದ್ವತ್ತು ಯಾವ ಕಡೆಯದೆಂದು ಹೇಳಬೇಕಾಗಿಲ್ಲ. ನಾನು ಹುಟ್ಟಿದ್ದು ಮಾನ್ವಿಯಲ್ಲಿ. ಇತಿಹಾಸದ ಮಾಸ್ತರನಾಗಿ ದುಡಿದು, ನಿವೃತ್ತನಾಗಿ, ಈಗ ರಾಯಚೂರಿನಲ್ಲಿದ್ದೇನೆ. ಚಳಿಗಾಲದ ಭಾನುವಾರಗಳಲ್ಲಿ ತಾಲೂಕಿನ ತಂಡಗಳು ಇಲ್ಲಿನ ಮೈದಾನಕ್ಕೆ ಬಂದು ಆಡುತ್ತವೆ. ಮಾನ್ವಿಯಿಂದ ಹುಡುಗರನ್ನು ತುಂಬಿಕೊಂಡು ಕ್ರೂಸರ್ ಜೀಪುಗಳು ಬರುತ್ತವೆ. ಅವರ ಮುಂದಾಳು ಈ ಹುಸೇನಪ್ಪ, ನನ್ನ ಹಳೆಯ ವಿದ್ಯಾರ್ಥಿ, ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾನೆ. ಕಲ್ಲೂರು ದಾಟುವಷ್ಟರಲ್ಲೇ ಅವರಿಗೆಲ್ಲ ಹಸಿವು ಶುರುವಾಗಿರುತ್ತದೆ.

ಮ್ಯಾಚಿಗೆ ಮುಂಚೆ ತಿನ್ನುವುದಕ್ಕೊಂದು ಶಾಸ್ತ್ರವಿದೆ. ಬಿರಿಯಾನಿ ತಿನ್ನಬಾರದು. ತಿಂದವನು ಹಾಫ್ ಟೈಮಿಗೆ ಮುಂಚೆಯೇ ಪಕ್ಕದವನ ಹೆಗಲ ಮೇಲೆ ಮಲಗಿರುತ್ತಾನೆ. ಖಾನಾವಳಿಯ ರೊಟ್ಟಿ, ಪುಂಡಿಪಲ್ಲೆ ಉತ್ತಮವೇ, ಆದರೆ ಖಾನಾವಳಿಯವರು ಇನ್ನೊಂದು ರೊಟ್ಟಿ, ಇನ್ನೊಂದು ರೊಟ್ಟಿ ಎಂದು ಉಪಚಾರ ಮಾಡುತ್ತಾ ಮೊದಲ ಗೋಲನ್ನು ತಪ್ಪಿಸಿಬಿಡುತ್ತಾರೆ. ಸ್ಟೇಷನ್ ಕಡೆಯ ಇರಾನಿ ಚಹಾ ನಿಜಾಮರ ಕಾಲದಿಂದ ಈ ಊರಿಗೆ ಅಂಟಿಕೊಂಡಿರುವ ಒಳ್ಳೆಯ ಚಟ. ಆದರೆ ಆ ಚಹಾ ಮಾತು ಬೇಡುತ್ತದೆ, ಮಾತು ಇನ್ನೊಂದು ಚಹಾ ಬೇಡುತ್ತದೆ, ಅಷ್ಟರಲ್ಲಿ ಸೀಟಿ ಊದಿಯಾಗಿರುತ್ತದೆ. ಇನ್ನು ಕುಡಿಯುವುದೆಂದರೆ ಲಿಂಬಿಸೋಡಾ. ಬೇರೆ ತರಹ ಕುಡಿಯಲು ಹೋದವರು ಮ್ಯಾಚು ಮುಗಿದ ಮೇಲೆ ಬಂದು ಎಷ್ಟಕ್ಕೆ ಎಷ್ಟು ಎಂದು ಕೇಳುವುದನ್ನು ನಾನೇ ಕಂಡಿದ್ದೇನೆ.

ಎಲ್ಲ ಸೋಸಿದ ಮೇಲೆ ಉಳಿಯುವುದು ಒಗ್ಗರಣಿ-ಮಿರ್ಚಿ. ಮಂಡಕ್ಕಿಯನ್ನು ನಾವು ಮಂಡಾಳು ಎನ್ನುತ್ತೇವೆ. ಅದನ್ನು ನೀರಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ-ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ, ಅಂದರೆ ಹುರಿಗಡಲೆಯ, ಹಿಟ್ಟು ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ಹೊಟ್ಟೆಗೆ ಭಾರವಿಲ್ಲ, ನಾಲಿಗೆಗೆ ಖಾರ, ಗಂಟಲಿಗೆ ಕಾವು. ಮೈದಾನದ ಹತ್ತಿರ ಅದನ್ನು ಮಾಡುವವಳು ಶಂಕ್ರಮ್ಮ. ಯಾಪಲದಿನ್ನಿಯ ಕುರುಬರ ಮನೆಯ ಹೆಣ್ಣು, ಮದುವೆಯಾಗಿ ರಾಯಚೂರಿಗೆ ಬಂದವಳು. ನಾಲ್ಕು ಗಳದ ಮೇಲೊಂದು ತಗಡು, ಎರಡು ಬೆಂಚು, ಒಂದು ಬಾಣಲಿ, ಇಷ್ಟೇ ಅಂಗಡಿ. ಅವಳು ಮಂಡಾಳು ಹಿಂಡುವ ಹದ ಬೇರೆ ಯಾರಿಗೂ ಬಂದಿಲ್ಲ. ಬೇರೆ ಕಡೆ ಅದು ಒಂದೋ ಮುದ್ದೆಯಾಗುತ್ತದೆ, ಇಲ್ಲವೇ ಹಲ್ಲಿಗೆ ಕರಕರ ಎನ್ನುತ್ತದೆ.

ಇತಿಹಾಸದ ಮಾಸ್ತರನಾದ್ದರಿಂದ ಇಲ್ಲೊಂದು ಮಾತು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ನೆಲಕ್ಕಾಗಿ ಅರಸರು ತಲೆಮಾರುಗಟ್ಟಲೆ ಬಡಿದಾಡಿದರು. ಒಮ್ಮೆ ಅವರ ಕಡೆ, ಒಮ್ಮೆ ಇವರ ಕಡೆ. ನಮ್ಮದು ಚೆಂಡಿನ ಬಾಳೇ. ಆನೆ ಎಷ್ಟು, ಕುದುರೆ ಎಷ್ಟು, ತೋಪು ಎಷ್ಟು ಎಂಬುದನ್ನೆಲ್ಲ ನಾನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ಆದರೆ ಯುದ್ಧದ ದಿನ ಬೆಳಗ್ಗೆ ಸಿಪಾಯಿ ಎಲ್ಲಿ, ಏನು ತಿಂದ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಅವನಿಗೆ ಬೇಯಿಸಿ ಹಾಕಿದವಳ ಹೆಸರಂತೂ ಇರಲೇ ಇಲ್ಲ. ಸೋಲಿನ ಕಾರಣಗಳು ಮಾತ್ರ ಧಾರಾಳವಾಗಿದ್ದವು. ಐದು ಅಂಕಕ್ಕೆ ಐದು ಕಾರಣ. ಮೂವತ್ತು ವರ್ಷ ಈ ಕಾರಣಗಳನ್ನು ಬರೆಸಿ ಬರೆಸಿ ಸೋಲು ಕಂಡಲ್ಲಿ ಕಾರಣ ಕೊಡುವ ರೋಗ ನನಗೆ ಅಂಟಿತ್ತು.

ಆ ರೋಗ ಉಲ್ಬಣಿಸಿದ್ದು ಹೋದ ಚಳಿಗಾಲದಲ್ಲಿ. ಮೊದಲ ಭಾನುವಾರ ನಾವೆಲ್ಲ ಶಂಕ್ರಮ್ಮನಲ್ಲಿ ತಿಂದು ಹೋದೆವು, ಮಾನ್ವಿ ಸೋತಿತು. ಎರಡನೆಯ ಭಾನುವಾರವೂ ಅಲ್ಲೇ ತಿಂದೆವು, ಮತ್ತೆ ಸೋತಿತು. ಮಲ್ಲಟದಿಂದ ಬಂದ ನಮ್ಮ ಗೋಲ್‌ಕೀಪರ್ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು. ಅಷ್ಟೇ ಕಾರಣ. ಆದರೆ ಮೈದಾನದಿಂದ ಹೊರಬರುವಾಗ ಹುಡುಗರ ಮುಖ ಜೋತುಬಿದ್ದಿದ್ದನ್ನು ನೋಡಿ, ನಗಿಸೋಣವೆಂದು ನಾನು ಬಾಯಿಬಿಟ್ಟೆ.

"ಲೇ ಹುಸೇನಪ್ಪ, ಶಂಕ್ರಮ್ಮನ ಮಿರ್ಚಿ ತಿಂದಾಗೆಲ್ಲಾ ನಾವು ಸೋಲಾಕತ್ತೀವಲ್ಲೋ!"

ಯಾರೂ ನಗಲಿಲ್ಲ. ಹುಸೇನಪ್ಪ ನಿಂತುಬಿಟ್ಟ. "ಹೌದಲ್ರೀ ಸರ," ಎಂದ. ಪಾಠ ಹೇಳಿದಾಗ ಒಂದು ದಿನವೂ ಅವನ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ.

ಮೂರನೆಯ ಭಾನುವಾರ ನಾನು ಊರಲ್ಲಿರಲಿಲ್ಲ. ಕಲ್ಲೂರಿನಲ್ಲಿ ಮದುವೆಗೆ ಹೋಗಿ ಹೋಳಿಗೆಯ ಮುಂದೆ ಕೂತಿದ್ದೆ. ಅಂದು ಹುಡುಗರು ಬೇರೆಲ್ಲೋ ಇಡ್ಲಿ ತಿಂದರಂತೆ, ಮಾನ್ವಿ ಗೆದ್ದಿತಂತೆ. ಈ ಸುದ್ದಿ ನನಗೆ ತಿಳಿದದ್ದು ಬುಧವಾರ, ಎಂದಿನಂತೆ ಶಂಕ್ರಮ್ಮನ ಬೆಂಚಿನ ಮೇಲೆ ಕೂತಾಗ. ಅವಳು ತಟ್ಟೆ ಕೊಟ್ಟವಳು ಬಾಣಲಿಯ ಕಡೆ ಹೋಗದೆ ನನ್ನೆದುರೇ ನಿಂತಳು. ನಾನು ಮೊದಲ ತುತ್ತು ಬಾಯಿಗಿಡುವುದನ್ನೇ ನೋಡುತ್ತಿದ್ದಳು.

"ಮಾಸ್ತರ್ರ, ಖರೇ ಹೇಳ್ರಿ. ನನ್ನ ಕೈ ಕೆಟ್ಟದೇನ್ರೀ?"

"ಯಾಕವ್ವಾ, ಏನಾತು?"

"ಎಣ್ಣಿ ಬದಲ್ ಮಾಡೀನಿ. ಮೆಣಸಿನಕಾಯಿ ಬ್ಯಾರೆ ತಂದೀನಿ. ಆದ್ರೂ ಮಾನ್ವಿ ಹುಡುಗ್ರು ಐತ್ವಾರ ಮುಖ ತಿರುವಿಕೊಂಡು ಹೋದ್ರು. ಕರದ್ರ ಸುದ್ದಾ ನಿಲ್ಲಲಿಲ್ಲ. ಬುಟ್ಟಿ ತುಂಬ ತೋಯಿಸಿದ ಮಂಡಾಳು ಎಮ್ಮಿಗಿ ಹಾಕಿದೆ. ಮನ್ಯಾಗ ಮಾಡಿದ್ದು ತಿಂದು ನೋಡ್ತೀನಿ, ನನಗಾ ರುಚಿ ಗೊತ್ತಾಗವಲ್ದು."

ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೇ ಇಟ್ಟೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಅರ್ಧ ಗಾದೆಯಷ್ಟೇ ಬಲ್ಲವನು. ವ್ಯಾಪಾರ ಒಂದು ವಾರ ಕೆಟ್ಟರೆ ಇನ್ನೊಂದು ವಾರ ಕೂಡಿಬಂದೀತು. ಆದರೆ ಇಷ್ಟು ವರ್ಷ ಕಣ್ಣುಮುಚ್ಚಿ ಉಪ್ಪು ಹಾಕಿದ ಹೆಂಗಸು ಈಗ ಉಪ್ಪಿನ ಡಬ್ಬಿಯ ಮುಂದೆ ಕೈ ತಡೆದು ನಿಲ್ಲುತ್ತಿದ್ದಳು. ನನಗೆ ನಾಚಿಕೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅವಳು ಸೌಟು ಕೆಳಗಿಟ್ಟಳು. "ಅಯ್ಯ ನಿಮ್ಮ! ಕಲತವರು ನೀವು. ನಾಲಿಗಿಗಿ ಎಲುಬಿಲ್ಲಂತ ಹೆಂಗ್ ಬೇಕಾದ್ರ ಹಂಗ ಹೊಳ್ಳಸೂದೇನ್ರೀ?"

"ತಪ್ಪಾತವ್ವಾ. ಹುಸೇನಪ್ಪಗ ನಾನಾ ಹೇಳ್ತೀನಿ."

"ಹೇಳಿದ್ದು ಸಾಕು. ಬರೂ ಐತ್ವಾರ ಮ್ಯಾಚಿಗಿ ಮುಂಚೆ ನೀವು ಇಲ್ಲಿ ಬಂದು ಕುಂದ್ರಬೇಕು. ರಸ್ತಾಕ್ಕ ಮುಖ ಮಾಡಿ. ಎಲ್ಲಾರೂ ನೋಡಬೇಕು. ಎರಡು ಪ್ಲೇಟು."

"ಎರಡ್ಯಾಕ?"

"ಒಂದು ನೀವು ಆಡಿದ್ದಕ್ಕ. ಇನ್ನೊಂದು ಅವ್ರು ನಂಬಿದ್ದಕ್ಕ."

ಹೀಗೆ ನಾಲ್ಕನೆಯ ಭಾನುವಾರ ನಾನು ನಡುಮಧ್ಯಾಹ್ನದ ಬಿಸಿಲಲ್ಲಿ ರಸ್ತೆಗೆ ಮುಖಮಾಡಿ ಕೂತು ಶಿಕ್ಷೆ ತಿಂದೆ. ಶಿಕ್ಷೆ ಬಹಳ ರುಚಿಯಾಗಿತ್ತು. ಮಾನ್ವಿಯ ಜೀಪುಗಳು ಎದುರಿಗೇ ನಿಂತವು. ಹುಡುಗರು ಇಳಿದು, ನನ್ನನ್ನು ನೋಡಿ ಹೌಹಾರಿದರು. "ಸರ, ಬ್ಯಾಡ್ರೀ, ಬ್ಯಾಡ್ರೀ!" ಎಂದು ಹುಸೇನಪ್ಪ ರಸ್ತೆಯ ಆಚೆಯಿಂದಲೇ ಕೈಯಾಡಿಸಿದ. ಈಚೆ ಬರುವ ಧೈರ್ಯ ಅವನಿಗಿರಲಿಲ್ಲ. ನಾನು ಇನ್ನೊಂದು ಮಿರ್ಚಿ ಎತ್ತಿ ತೋರಿಸಿ ಬಾಯಿಗೆ ಹಾಕಿಕೊಂಡೆ. ಮಾನ್ವಿ ಗೆದ್ದರೆ ಸಾಕು, ಮಾತು ಸುಳ್ಳಾಗುತ್ತದೆ, ಶಂಕ್ರಮ್ಮ ಬದುಕಿಕೊಳ್ಳುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಜೀವಮಾನದಲ್ಲಿ ಮೊದಲ ಸಲ ನಾನು ಮ್ಯಾಚನ್ನು ಕಣ್ಣು ಮಿಟುಕಿಸದೆ ನೋಡಿದೆ.

ಮಾನ್ವಿ ಒಂದು ಗೋಲಿನಿಂದ ಸೋತಿತು.

ಹುಡುಗರು ನನ್ನ ಸುತ್ತ ನೆರೆದರು. "ನೋಡಿದ್ರ್ಯಾ ಸರ? ನಾವು ಯಾರೂ ಅಲ್ಲಿ ತಿನ್ನಲಿಲ್ಲ. ನೀವೊಬ್ರಾ ತಿಂದ್ರಿ, ಅಷ್ಟಕ್ಕಾ ಹಿಂಗಾತು. ಆ ಅಂಗಡಿ ನೆಳ್ಳಾ ಸರಿ ಇಲ್ಲ," ಎಂದ ಹುಸೇನಪ್ಪ. ಉಳಿದವರು ತಲೆಯಾಡಿಸಿದರು. ಮುಂದಿನ ಭಾನುವಾರ ದೇವದುರ್ಗದ ಮೇಲೆ ಆಟ. ದೇವದುರ್ಗವೆಂದರೆ ನಮ್ಮವರಿಗೆ ಹಳೆಯ ಜಿದ್ದು, ಸೋತರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಆಗಲೇ ಒಬ್ಬ, ಅಲ್ಲಿ ಯಾರು ತಿಂದರೂ ಸೋಲು ನಮಗೇ ಬರುತ್ತದೆ, ದೇವದುರ್ಗದವರಿಗೂ ಸುದ್ದಿ ಮುಟ್ಟಿಸಿ ಅವರೂ ಅಲ್ಲಿ ತಿನ್ನದ ಹಾಗೆ ಮಾಡೋಣ ಎನ್ನುತ್ತಿದ್ದ. ಶಂಕ್ರಮ್ಮನ ಬೆಂಚು ಎರಡು ತಾಲೂಕಿನ ಮಟ್ಟಿಗೆ ಖಾಲಿಯಾಗುವ ಕಾಲ ಬಂದಿತ್ತು.

ಇದು ಕಾಕತಾಳೀಯ ಕಣಪ್ಪಾ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸಂಬಂಧವಿಲ್ಲ ಎಂದು ಉಪದೇಶ ಮಾಡಬಹುದಿತ್ತು. ಆದರೆ ಇಂಥ ಉಪದೇಶವನ್ನು ಇವರೆಲ್ಲ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದವರೇ. ಕಾರಣವಿಲ್ಲ ಎಂದರೆ ಅವರಿಗೆ ಸಮಾಧಾನವಿಲ್ಲ. ಇನ್ನೊಂದು ಕಾರಣ ಕೊಡಬೇಕು, ಮೊದಲಿನದಕ್ಕಿಂತ ಗಟ್ಟಿಯಾದದ್ದು. ಅದು ನನ್ನ ಕಸುಬು.

"ಹುಸೇನಪ್ಪ, ಇಲ್ಲಿ ಕೇಳು. ಮೊದಲನೇ ಐತ್ವಾರ ಸೋತ್ವಿ. ನಾನಿದ್ನ್ಯಾ?"

"ಇದ್ರೀ ಸರ."

"ಎರಡನೇದ್ದು?"

"ಇದ್ರೀ."

"ಇವತ್ತ?"

"ಇದ್ದೀರಲ್ರೀ."

"ಗೆದ್ದ ದಿನ ನಾನೆಲ್ಲಿದ್ದೆ?"

ಹುಸೇನಪ್ಪ ಬೆರಳು ಮಡಚಿ ಭಾನುವಾರಗಳನ್ನು ಎಣಿಸಿದ. ಅವನ ಮುಖದಲ್ಲಿ ಆ ಹಳೆಯ ಬೆಳಕು ನಿಧಾನವಾಗಿ ಮೂಡಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬ ಅರ್ಧ ಹೆಜ್ಜೆ ಹಿಂದೆ ಸರಿದ.

"ಹಂಗಂದ್ರ... ಮಿರ್ಚಿ ಅಲ್ಲ ಅಂತೀರಿ," ಎಂದ ಹುಸೇನಪ್ಪ ಬಹಳ ಮರ್ಯಾದೆಯಿಂದ.

"ಮಿರ್ಚಿ ಏನು ಮಾಡ್ತದೋ ಪಾಪ. ಸಾಲಿ ಟೀಮಿನ ಕೂಡ ಹೋದಾಗೂ ನಂದು ಹಿಂಗಾ ಆಗ್ತಿತ್ತು." ಇದು ಹಸಿ ಸುಳ್ಳು. ಸಾಲಿ ಟೀಮಿನ ಕೂಡ ನಾನು ಒಮ್ಮೆಯೂ ಹೋಗಿರಲಿಲ್ಲ. ಆದರೆ ಪುರಾವೆ ಸೇರಿಸಿದರೆ ಉತ್ತರಕ್ಕೆ ಅಂಕ ಹೆಚ್ಚು.

ಐದನೆಯ ಭಾನುವಾರ ಶಂಕ್ರಮ್ಮನ ಅಂಗಡಿಯ ಮುಂದೆ ಮಾನ್ವಿಯ ಜೀಪುಗಳು ನಿಂತವು. ನಾನು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತು ನೋಡಿದೆ. ಅವಳು ಡಬ್ಬಿಯ ಕಡೆ ನೋಡದೆಯೇ ಉಪ್ಪು ತೆಗೆದು ಹಾಕುತ್ತಿದ್ದಳು. ನೋಡಿ ನನಗೆ ಬಹಳ ಸಂತೋಷವಾಯಿತು. ಅಷ್ಟರಲ್ಲಿ ಹುಸೇನಪ್ಪ ಬಂದು ನನ್ನ ತೋಳು ಹಿಡಿದ. "ಸರ, ತಪ್ಪು ತಿಳಕೋಬ್ಯಾಡ್ರಿ. ನಿಮಗ ಆ ಕಡಿ ಜಾಗಾ ಹಿಡದೀವಿ. ನೆಳ್ಳದ, ಗಾಳಿ ಚಲೋ ಬರ್ತದ." ಆ ಕಡೆ ಎಂದರೆ ದೇವದುರ್ಗದವರ ಕಡೆ. ನನ್ನನ್ನು ಅಲ್ಲಿ ಕೂರಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ತಿರುಗಿ ನೋಡದೆ ಹೋದ.

ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಟ ತಿಳಿಯದಿದ್ದರೂ ಆ ಹುಡುಗರ ನಡುವೆ ಕೂತು ಅವರು ಎದ್ದಾಗ ಏಳುವುದು ನನ್ನ ಭಾನುವಾರವಾಗಿತ್ತು. ಪಕ್ಕದಲ್ಲೊಬ್ಬರು ದೇವದುರ್ಗದ ಹಿರಿಯರಿದ್ದರು, ನಿವೃತ್ತ ಬಸ್ ಕಂಡಕ್ಟರ್. "ಬರ್ರೀ, ಸರಿಯಾಗಿ ಕುಂದರ್ರಿ. ಯಾವೂರು?" ಎಂದರು. "ರಾಯಚೂರಾಗ ಇರ್ತೀನ್ರಿ," ಎಂದೆ. ಥರ್ಮಾಸಿನಿಂದ ಚಹಾ ಬಗ್ಗಿಸಿಕೊಟ್ಟರು, ಹುರಿದ ಶೇಂಗಾ ಅಂಗೈಗೆ ಸುರಿದರು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ, ನಾನು ಅವರ ಶೇಂಗಾ ತಿನ್ನುತ್ತಾ ಒಳಗೊಳಗೇ ಎರಡು ಬಗೆಯುತ್ತಿದ್ದೆ. ಮಾನ್ವಿ ಗೋಲು ಹೊಡೆಯಿತು. ಏಳಹೋದ ನಾನು ತಡೆದುಕೊಂಡು, ಕೂಗನ್ನು ನುಂಗಿ, ಜೊತೆಗೆ ಶೇಂಗಾವನ್ನೂ ತಪ್ಪು ದಾರಿಯಲ್ಲಿ ನುಂಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ.

ಹಿರಿಯರು ನನ್ನ ಬೆನ್ನು ತಟ್ಟಿದರು. "ನೀರು ಕುಡೀರಿ. ಗೋಲ್ ಬಿದ್ದದ್ದು ನಮಗೂ ಸಂಕಟಾನ ಆಗೇದ. ಆದ್ರ ಆಟ ಅದು, ಇಷ್ಟು ಮನಸಿಗಿ ಹಚ್ಚಿಕೋಬಾರದ್ರೀ."

ಮಾನ್ವಿ ಗೆದ್ದಿತು. ಅಲ್ಲಿಗೆ ನನ್ನ ಹಣೆಬರಹಕ್ಕೆ ಮೊಹರು ಬಿತ್ತು. ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ, ಅದನ್ನು ಕರೆದು ನಮ್ಮ ಮನೆಯಲ್ಲೇ ಇರಿಸಿಕೊಳ್ಳಬಹುದು, ಅಷ್ಟೇ. ಅದು ಈಗ ನನ್ನಲ್ಲಿ ಸುಖವಾಗಿದೆ. ಈ ಚಳಿಗಾಲವೂ ಹುಸೇನಪ್ಪ ಫೋನ್ ಮಾಡಿ, ಎದುರು ಪಾಳಯದಲ್ಲಿ ನನಗೆ ನೆರಳಿನ ಜಾಗ ಹಿಡಿದಿರುವುದಾಗಿ ತಿಳಿಸುತ್ತಾನೆ. ನಾನು ಮ್ಯಾಚಿನ ದಿನ ಎಲ್ಲರಿಗಿಂತ ಒಂದು ತಾಸು ಮೊದಲೇ ಶಂಕ್ರಮ್ಮನ ಬೆಂಚಿಗೆ ಹೋಗುತ್ತೇನೆ. ಮೊದಲ ಬಾಣಲಿಯ ಮೊದಲ ಮಿರ್ಚಿ ನನಗೆ. ಕೈ ಕೆಟ್ಟಿದೆಯೇ ಎಂದು ಅವಳೀಗ ಕೇಳುವುದಿಲ್ಲ. "ಲಗೂನ ತಿಂದು ಏಳ್ರಿ ಮಾಸ್ತರ್ರ, ಹುಡುಗ್ರು ನೋಡಿದ್ರ ಹೌಹಾರ್ತಾರ," ಎಂದು ನಗುತ್ತಾಳೆ.

ಆದ್ದರಿಂದ ಫೋನ್ ಮಾಡಿ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಮೈದಾನದ ಹತ್ತಿರ ತಗಡಿನ ಕೆಳಗೆ ಎರಡು ಬೆಂಚುಗಳಿವೆ, ಒಗ್ಗರಣಿ-ಮಿರ್ಚಿ ತಿನ್ನಿ, ಮೇಲೊಂದು ಲಿಂಬಿಸೋಡಾ ಕುಡಿಯಿರಿ. ನೀವು ದೇವದುರ್ಗದವರಾದರೆ ಬನ್ನಿ, ಜೊತೆಗೇ ಕೂತು ತಿನ್ನೋಣ. ಮಾನ್ವಿಯವರಾದರೆ ನಾನು ಎದ್ದು ಹೋಗುವ ತನಕ ಸ್ವಲ್ಪ ಬೇವಿನ ಮರದ ಕೆಳಗೆ ನಿಂತಿರಿ.