ಆಫ್ರಾ ಕೆತ್ತಿದ ಮುಖ

ಲೆಖ್ ನದಿಯ ಕಾಲುವೆಗೆ ಬೆನ್ನು ಹಾಕಿದ ಓಣಿಯೊಂದರಲ್ಲಿ ಆಫ್ರಾಳ ಮನೆ. ಆಗ್ಸ್‌ಬುರ್ಗ್‌ನಲ್ಲಿ ಊರು ಕಾಯುವ ಸಂತ ಆಫ್ರಾಳ ಹೆಸರು ಇಟ್ಟುಕೊಂಡವರಿಗೆ ಬರವಿಲ್ಲ. ಆದರೆ ಅಚ್ಚಿನ ಹಲಗೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಮುರಿಯದೆ ನಿಲ್ಲಿಸಬಲ್ಲ ಆಫ್ರಾ ಇವಳೊಬ್ಬಳೇ. ಆ ವಿಷಯ ಊರಿಗೆ ಗೊತ್ತಿರಲಿಲ್ಲ. ಹಲಗೆಯ ಹಿಂಬದಿಯಲ್ಲಿ ಶಾಯಿಯಿಂದ ಬರೆಯುತ್ತಿದ್ದುದು ಗಂಡ ಯೋಬ್ಸ್ಟ್‌ನ ಹೆಸರು.

ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅವಳು ಹನ್ನೆರಡು ವರ್ಷದವಳಿದ್ದಾಗ ತಾಯಿ ಗಾಲೂಸ್‌ನನ್ನು ಹೆತ್ತು ಕಣ್ಣು ಮುಚ್ಚಿದಳು. ಅಂದಿನಿಂದ ಒಂದು ಕೈಯಲ್ಲಿ ತಮ್ಮ, ಇನ್ನೊಂದು ಕೈಯಲ್ಲಿ ಉಳಿ. ಗಾಲೂಸ್ ತುಂಟ. ಮಂಜುಗಡ್ಡೆಯ ಮೇಲೆ ಜಾರಿ ಮೂಗು ಮುರಿದುಕೊಂಡಿದ್ದ. ಅದು ಎಡಕ್ಕೆ ಸೊಟ್ಟಗಾಗಿಯೇ ಉಳಿಯಿತು. ಹತ್ತೊಂಬತ್ತು ತುಂಬುತ್ತಲೇ ಉದ್ದನೆಯ ಈಟಿ ಹೊತ್ತು ಚಕ್ರವರ್ತಿಯ ದಂಡು ಸೇರಿ ಇಟಲಿಗೆ ಹೋದ. ಮರುವರ್ಷ ದಂಡಿನಿಂದ ಮರಳಿದವನೊಬ್ಬ ಬಾಗಿಲಲ್ಲೇ ನಿಂತು, ಯಾವುದೋ ಹೊಳೆ ದಾಟುವಾಗ ಗಾಲೂಸ್ ಬಿದ್ದನಂತೆ, ದಂಡು ಅಂದೇ ಮುಂದಕ್ಕೆ ಹೋಯಿತಂತೆ ಎಂದು ಹೇಳಿದ. ತಾನು ಕಣ್ಣಾರೆ ಕಂಡಿಲ್ಲವೆಂದೂ ಹೇಳಿದ. ಆ ಕೊನೆಯ ಮಾತನ್ನು ಆಫ್ರಾ ಗಟ್ಟಿಯಾಗಿ ಹಿಡಿದುಕೊಂಡಳು. ಮುಂದಿನ ಎಂಟು ವರ್ಷವೂ ಸತ್ತವರ ಹಬ್ಬದಂದು ತಾಯಿಗೆ, ಅಪ್ಪನಿಗೆ ಮೇಣದ ಬತ್ತಿ ಹಚ್ಚಿದಳು. ತಮ್ಮನಿಗೆ ಹಚ್ಚಲಿಲ್ಲ.

ಆ ಹೊತ್ತಿಗೆ ಚಕ್ರವರ್ತಿಗೆ ವಯಸ್ಸಾಗಿತ್ತು. ತನ್ನ ಗೆಲುವುಗಳದೆಲ್ಲ ಒಂದು ಮೆರವಣಿಗೆ ಆಗಬೇಕು, ಅದು ಬೀದಿಯಲ್ಲಲ್ಲ, ಕಾಗದದ ಮೇಲೆ ನಡೆಯಬೇಕು, ತಾನು ಹೋದ ಮೇಲೂ ನಡೆಯುತ್ತಲೇ ಇರಬೇಕು ಎಂದು ಅಪ್ಪಣೆಯಾಗಿತ್ತು. ಚಿತ್ರಗಾರರು ಪಿಯರ್ ಮರದ ಹಲಗೆಗಳ ಮೇಲೆ ಚಿತ್ರ ಬರೆದುಕೊಟ್ಟರೆ ಕೆತ್ತುವವರು ಗೆರೆ ಉಳಿಸಿ ಮಿಕ್ಕದ್ದನ್ನು ತೆಗೆಯಬೇಕು. ಹಲಗೆ ಹಂಚಿ ಕೆಲಸ ನೋಡಿಕೊಳ್ಳುತ್ತಿದ್ದವನು ಹುಲ್ಡ್ರಿಖ್ ಎಂಬ ಮೇಸ್ತ್ರಿ. ಯೋಬ್ಸ್ಟ್‌ನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕಿಟಕಿ ಎಲ್ಲಿದೆ ಎಂದಷ್ಟೇ ತಿಳಿಯುತ್ತಿತ್ತು. ಮೇಸ್ತ್ರಿ ಬಂದಾಗ ಅವನು ಹಲಗೆಯ ಮುಂದೆ ಕೂರುತ್ತಿದ್ದ. ಹೋದ ಮೇಲೆ ಆಫ್ರಾ ಕೂರುತ್ತಿದ್ದಳು.

ಒಂದು ಹಲಗೆಯಲ್ಲಿ ಇಟಲಿಯ ಗೆಲುವಿನ ಸಾಲು ಬಂತು. ತಲೆಗೆ ಎಲೆಯ ಕಿರೀಟ, ಹೆಗಲಿಗೆ ಈಟಿ, ಐದು ಜನ ಸಿಪಾಯಿಗಳು. ಮೂರನೆಯವನು ಬಾಯಿ ತೆರೆದು ಹಾಡುತ್ತಿದ್ದ. ಆಫ್ರಾ ಬೇಕೆಂದು ಮಾಡಿದಳೆನ್ನುವಂತಿಲ್ಲ. ಮೂಗಿನ ಬಳಿ ಬಂದಾಗ ಕೈ ತಾನಾಗಿ ಚಿತ್ರಗಾರನ ಗೆರೆ ಬಿಟ್ಟು ಪಕ್ಕಕ್ಕೆ ಹೋಯಿತು. ಹಲಗೆಯಲ್ಲಿ ಕೆತ್ತಿದ್ದೆಲ್ಲ ಅಚ್ಚಿನಲ್ಲಿ ಎಡಬಲ ತಿರುಗುಮುರುಗು. ಎಡಕ್ಕೆ ಸೊಟ್ಟಗಿದ್ದ ಮೂಗನ್ನು ಅವಳು ಬಲಕ್ಕೆ ಕೆತ್ತಿದಳು. ಹಾಡುತ್ತಿದ್ದ ಬಾಯಿ, ಯಾರನ್ನೋ ಕೂಗಿ ಕರೆಯುವ ಬಾಯಾಯಿತು.

ಯೋಬ್ಸ್ಟ್ ದಿನವೂ ಕೆಲಸದ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಅಂದು ಬೆರಳು ಮೂರನೆಯವನ ಬಳಿ ನಿಂತಿತು.

"ಇದು ಗಾಲೂಸ್ ಅಲ್ವೇನೆ?" ಎಂದ.

"ಹೌದು ಕಣ್ರೀ."

ಅವನು ಬೈಯಲಿಲ್ಲ. ಬೆರಳನ್ನು ತುಂಬ ಹೊತ್ತು ಅಲ್ಲೇ ಇಟ್ಟುಕೊಂಡು ಕುಳಿತಿದ್ದ.

ಪರೀಕ್ಷೆಗೆ ಒಂದು ಹಾಳೆ ಅಚ್ಚಾಯಿತು. ಮೂರನೆಯ ದಿನ ಹುಲ್ಡ್ರಿಖ್ ಹಲಗೆಯನ್ನು ಕಂಕುಳಲ್ಲಿ ಹೊತ್ತು ಬಂದ. ಯೋಬ್ಸ್ಟ್‌ನ ಮುಖದ ಮುಂದೆ ಸುಮ್ಮನೆ ಕೈ ಆಡಿಸಿದ. ಯೋಬ್ಸ್ಟ್ ರೆಪ್ಪೆ ಬಡಿಯಲಿಲ್ಲ.

"ಕಣ್ಣು ಮಂಜಾದಷ್ಟೂ ಕೆತ್ತನೆ ಚೊಕ್ಕ ಆಗ್ತಾ ಬಂತು. ಇದೇನು ಪವಾಡವೋ ಅಂದ್ಕೊಂಡಿದ್ದೆ" ಎಂದು ಆಫ್ರಾಳ ಕಡೆ ತಿರುಗಿ ಹಲಗೆಯ ಮೂರನೆಯ ಮುಖ ತೋರಿಸಿದ. "ಯಾರಮ್ಮ ಇವನು?"

"ನನ್ನ ತಮ್ಮ, ಮೇಸ್ತ್ರಿಗಳೇ. ಆ ದಂಡಿನಲ್ಲೇ ಇದ್ದ."

"ಬಂದನಾ?"

ಎಂಟು ವರ್ಷದಲ್ಲಿ ಹೀಗೆ ನೇರವಾಗಿ ಯಾರೂ ಕೇಳಿರಲಿಲ್ಲ. ಆಫ್ರಾ ಇಲ್ಲವೆಂದು ತಲೆಯಾಡಿಸಿದಳು.

ಹುಲ್ಡ್ರಿಖ್ ಹಲಗೆಯನ್ನು ಮೇಜಿನ ಮೇಲಿಟ್ಟ. ದನಿ ತಗ್ಗಿಸಿ ಹೇಳಿದ: "ಈ ಮೆರವಣಿಗೆಯಲ್ಲಿ ಗೆದ್ದೋರು ಮಾತ್ರ ನಡೀಬೇಕಮ್ಮ. ಇವನನ್ನ ನೋಡಿದ್ರೆ ಮಿಕ್ಕ ನಾಲ್ಕು ಜನಾನೂ ಸೋತೋರ ಥರ ಕಾಣ್ತಾರೆ. ತೆಗೆದು ಬೆಣೆ ಹಾಕಿ, ಬರೆದಿದ್ದಂಗೇ ಕೆತ್ತಿಕೊಡು. ಗುರುವಾರ ಬರ್ತೀನಿ." ಹೊಸ್ತಿಲು ದಾಟುವಾಗ, ಯಾರು ಕೆತ್ತಿದರೆಂದು ತಾನು ಯಾರಿಗೂ ಹೇಳುವವನಲ್ಲ ಎಂದೂ ಸೇರಿಸಿದ.

ಕೆಟ್ಟ ಜಾಗವನ್ನು ಬೈರಿಗೆಯಿಂದ ಕೊರೆದು, ಬಂದ ಪುಡಿಯನ್ನು ಊದಿಬಿಡುವುದು ವಾಡಿಕೆ. ಆಫ್ರಾ ಬೈರಿಗೆ ಮುಟ್ಟಲಿಲ್ಲ. ಅತಿ ಸಣ್ಣ ಉಳಿ ಹಿಡಿದು ಸುತ್ತಲೂ ಬಿಡಿಸುತ್ತ ಎರಡು ಹಗಲು ಕುಳಿತಳು. ಮುಖ ಇಡಿಯಾಗಿ ಎದ್ದುಬಂತು. ಹೆಬ್ಬೆರಳ ಉಗುರಿನಷ್ಟು ಮರ. ಆ ಗುಳಿಗೆ ಹೊಸ ಬೆಣೆ ಬಡಿದು, ಚಿತ್ರಗಾರ ಬರೆದಿದ್ದ ಹಾಡುಗಾರನನ್ನು ಕೆತ್ತಿದಳು. ಚೆನ್ನಾಗಿಯೇ ಕೆತ್ತಿದಳು.

ಗುರುವಾರ ಹಲಗೆ ಒಪ್ಪಿಸಿದವಳೇ ಗಂಡನ ಕೈಹಿಡಿದು ಚರ್ಚಿನ ಸ್ಮಶಾನಕ್ಕೆ ಹೋದಳು. ಮುದಿ ಪಾದ್ರಿ ತಡೆದು, ಸತ್ತವರು ಯಾರು ಎಂದು ಕೇಳಿದರು. ಅವಳು ಅಂಗೈ ಬಿಚ್ಚಿ ತೋರಿಸಿದಳು.

"ಮರಕ್ಕೆ ಮಂತ್ರ ಹೇಳೋಕಾಗಲ್ಲ, ಮಗಳೇ."

"ಮರಕ್ಕೆ ಬೇಡ ಸ್ವಾಮಿ. ನನ್ನ ತಮ್ಮ ಗಾಲೂಸ್ ಸತ್ತಿದಾನೆ. ಅವನಿಗೆ ಹೇಳಿ."

ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಡಿದ ಮೇಲೆ ತಾಯಿಯ ಗೋರಿಯ ಪಕ್ಕದಲ್ಲೇ ಕುಳಿತಳು. ಅತ್ತಳು. ಅಳು ಮುಗಿಯುವವರೆಗೂ ಪಾದ್ರಿ ಕಾದರು. ಆಮೇಲೆ ಗಾಲೂಸ್‌ನ ಹೆಸರೆತ್ತಿ ಸತ್ತವರ ಪ್ರಾರ್ಥನೆಯನ್ನು ಒಂದಕ್ಷರ ಬಿಡದೆ ಹೇಳಿದರು. ಯೋಬ್ಸ್ಟ್ ತಡವರಿಸುತ್ತ ಬೆರಳಿನಿಂದಲೇ ಮಣ್ಣು ತೋಡಿದ. ಆಫ್ರಾ ಮುಖವನ್ನು ತಾಯಿಯ ಎದೆಯ ಮೇಲ್ಭಾಗಕ್ಕೆ ಬರುವಂತೆ ಹೂತಳು.

ಮರುವರ್ಷ ಜನವರಿಯಲ್ಲಿ ಚಕ್ರವರ್ತಿ ತೀರಿಕೊಂಡ. ಊರಿನ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು. ಮೆರವಣಿಗೆ ಅರ್ಧಕ್ಕೆ ನಿಂತಿತು. ಹಲಗೆಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಗಾಡಿಗೆ ಹೇರಿದರು. ಆಫ್ರಾ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಹಾಕಿಕೊಂಡಳು. ಆ ದೊರೆಯ ಮೇಲೆ ಸಿಟ್ಟು ಬಂದೀತೆಂದು ಕಾದಳು. ಬರಲಿಲ್ಲ. ಅವನೂ ಒಬ್ಬ ತಾಯಿಯ ಮಗ ಎಂದಷ್ಟೇ ಅನ್ನಿಸಿತು.

ಯೋಬ್ಸ್ಟ್ ಇನ್ನೂ ನಾಲ್ಕು ವರ್ಷ ಬದುಕಿದ್ದ. ಆಮೇಲೆ ಹುಲ್ಡ್ರಿಖ್ ಹಲಗೆಗಳನ್ನು ಆಫ್ರಾಳ ಕೈಗೇ ಕೊಡತೊಡಗಿದ. ಪಂಚಾಂಗ, ಪ್ರಾರ್ಥನೆಯ ಪುಸ್ತಕ, ಮಕ್ಕಳ ಅಕ್ಷರಮಾಲೆ, ಹೀಗೆ ಬಂದದ್ದನ್ನೆಲ್ಲ ಕೆತ್ತಿದಳು. ಅರವತ್ತು ದಾಟಿದ ಮೇಲೂ ಬೆಳಕಿರುವಷ್ಟು ಹೊತ್ತು ಕಿಟಕಿಯ ಬಳಿ ಕೂರುತ್ತಿದ್ದಳು. ಕತ್ತಲಾದರೆ ಉಳಿ ಒರೆಸಿಟ್ಟು, ರೈ ರೊಟ್ಟಿಯನ್ನು ಬಿಸಿ ಗಂಜಿಗೆ ಅದ್ದಿ ತಿಂದು ಮಲಗುತ್ತಿದ್ದಳು.